ಕೌನ್ಸೆಲರ್‌ಗಳ ನೇಮಕಕ್ಕೆ ಸಿಕ್ಕ ಅನುದಾನ: ಐದಕ್ಕೆ ಮೂರೂವರೆ ಅಂಕ

ಹದಿಹರೆಯದವರಿಗೆ ಕೌನ್ಸೆಲಿಂಗ್ ಕೊಡುವ ಕೇಂದ್ರವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಹೊಸ ಕೌನ್ಸೆಲರ್‌ಗಳನ್ನು ಸೇರಿಸಿಕೊಳ್ಳಲು, ಇರುವವರು ಬಿಟ್ಟು ಹೋಗದಂತೆ ಮಾಡಲು ನಮಗೊಂದು ಅನುದಾನ ಸಿಕ್ಕಿತ್ತು. ಕೊಟ್ಟವರು ಯಾರು ಅನ್ನೋದು ಇಲ್ಲಿ ಬೇಡ. ಇಂಥದ್ದಕ್ಕೆ ಅರ್ಜಿ ಹಾಕುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನೇಮಕದ ವಿಷಯದಲ್ಲಿ ಪೂರ್ತಿ ಅಂಕ. ದೊಡ್ಡ ಆಸ್ಪತ್ರೆಗಳು ಕೊಡುವ ಸಂಬಳಕ್ಕೆ ಹತ್ತಿರದ ಸಂಬಳ ಕೊಡಲು ಆಯಿತು. ಓದಿನ ಸಾಲ ತೀರಿಸಲೂ ಒಂದಷ್ಟು ನೆರವಿತ್ತು. ಎಲ್ಲಕ್ಕಿಂತ ಇಷ್ಟವಾದದ್ದು, ತರಬೇತಿಯಲ್ಲಿರುವ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಕೊಟ್ಟದ್ದು. ಈ ಕ್ಷೇತ್ರದಲ್ಲಿ ಇಂಟರ್ನ್‌ಶಿಪ್ ಅಂದರೆ ಬಿಟ್ಟಿ ಕೆಲಸ ಅನ್ನೋ ಹಾಗಾಗಿದೆ. ಮನೆಯಲ್ಲಿ ಅನುಕೂಲ ಇಲ್ಲದವರು ಅಲ್ಲೇ ಹಿಂದೆ ಸರಿಯುತ್ತಾರೆ. ಕಷ್ಟ ಕಂಡ ಮನೆಯಿಂದ ಬಂದ ಹುಡುಗಿಯೊಬ್ಬಳು ನಮ್ಮಲ್ಲೇ ಕಲಿತು ನಮ್ಮಲ್ಲೇ ಕೆಲಸಕ್ಕೆ ಸೇರಿದಳು. ಅವಳ ಎದುರು ಮಕ್ಕಳು ಎಷ್ಟು ಬೇಗ ಬಾಯಿ ಬಿಡುತ್ತಾರೆ ಅನ್ನೋದನ್ನು ನೋಡಬೇಕು.

ಇನ್ನು ಉಳಿಸಿಕೊಳ್ಳುವ ವಿಷಯ. ನನ್ನ ತಕರಾರು ಇರುವುದೇ ಇಲ್ಲಿ.

ಹದಿನೈದರ ಹುಡುಗ ಬಂದ ಕೂಡಲೇ ಮನಸ್ಸು ಬಿಚ್ಚುವುದಿಲ್ಲ. ವಾರಗಟ್ಟಲೆ ಮೊಬೈಲ್ ಗೇಮ್ ಬಗ್ಗೆಯೇ ಮಾತಾಡುತ್ತಾನೆ. ಆಮೇಲೆ ಒಂದು ದಿನ, ಎದ್ದು ಹೊರಡುವ ಹೊತ್ತಿಗೆ, ನಿಜವಾದ ವಿಷಯ ಹೇಳುತ್ತಾನೆ. ಅಷ್ಟರಲ್ಲಿ ಕೌನ್ಸೆಲರ್ ಬದಲಾದರೆ ಎಲ್ಲವೂ ಮತ್ತೆ ಮೊದಲಿಂದ. ಹಾಗೆ ಇಬ್ಬರನ್ನು ಕಳೆದುಕೊಂಡ ಹುಡುಗನೊಬ್ಬ ಮೂರನೆಯವರನ್ನು ಕೇಳಿದ ಮೊದಲ ಪ್ರಶ್ನೆ: "ನೀವು ಎಷ್ಟು ದಿನ ಇರ್ತೀರಿ?" ಅನುದಾನ ಕೊಡುವವರೆಲ್ಲ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕು.

ಉಳಿಸಿಕೊಳ್ಳೋಕೆ ಅಂತ ಈ ಯೋಜನೆ ಇಟ್ಟದ್ದು ವರ್ಷದ ಕೊನೆಗೊಂದು ಬೋನಸ್. ಹಣ ಬೇಡ ಅಂತ ಯಾರೂ ಹೇಳುವುದಿಲ್ಲ, ಆದರೆ ನಮ್ಮಲ್ಲಿ ಬಿಟ್ಟು ಹೋದವರು ಬರೀ ಹಣಕ್ಕಾಗಿ ಹೋದವರಲ್ಲ. ಕೈ ಕೊಯ್ದುಕೊಂಡ ಮಗುವಿನ ಜೊತೆ ಬೆಳಿಗ್ಗೆ ಕೂತಿರುತ್ತಾರೆ. ಮಧ್ಯಾಹ್ನ ಇನ್ನೊಂದು ಮಗು ಸಾಯುವ ಮಾತಾಡುತ್ತದೆ. ಸಂಜೆ ಅದನ್ನೆಲ್ಲ ಹೊತ್ತುಕೊಂಡು ಒಬ್ಬರೇ ಮನೆಗೆ ಹೋಗಬೇಕು. ಇದಕ್ಕೇ ಸೂಪರ್‌ವಿಷನ್ ಬೇಕಾಗುವುದು. ಅದು ಮೇಲಧಿಕಾರಿಯ ತಪಾಸಣೆ ಅಲ್ಲ. ಅನುಭವಸ್ಥರೊಬ್ಬರ ಜೊತೆ ಕೂತು, ಈ ಕೇಸ್‌ನಲ್ಲಿ ನಾನು ಸರಿಯಾಗಿ ನಡೆದುಕೊಂಡೆನಾ, ಮುಂದೇನು ಮಾಡಲಿ ಅಂತ ಬಿಡಿಸಿ ನೋಡುವ ಸಮಯ. ಬಜೆಟ್ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ. ತರಬೇತಿಯ ಲೆಕ್ಕಕ್ಕೆ ಹಾಕಿದೆವು, ವಾಪಸ್ ಬಂತು. ಪತ್ರದ ಮೇಲೆ ಪತ್ರ ಬರೆದ ಮೇಲೆ ಎರಡನೇ ವರ್ಷ ಒಪ್ಪಿದರು. ಆ ವರ್ಷ ನಮ್ಮ ತಂಡದಿಂದ ಯಾರೂ ಹೋಗಲಿಲ್ಲ.

ವರದಿಯ ನಮೂನೆಯೂ ಸರಿಯಿಲ್ಲ. ಎಷ್ಟು ಜನರನ್ನು ನೋಡಿದಿರಿ ಅಂತ ಕೇಳುತ್ತದೆ, ಅಷ್ಟೇ. ಒಂದು ಗಂಟೆ ಮಾತಾಡಿದ ಮೇಲೆ ಟಿಪ್ಪಣಿ ಬರೆಯಬೇಕು, ಅಪ್ಪ ಅಮ್ಮನಿಗೆ ಫೋನ್ ಮಾಡಬೇಕು, ಕೆಲವೊಮ್ಮೆ ಶಾಲೆಯವರ ಜೊತೆ ಮಾತಾಡಬೇಕು. ಈ ಕೆಲಸ ಯಾವ ಕಾಲಂನಲ್ಲೂ ಕಾಣುವುದಿಲ್ಲ. ಒಂದೇ ಮಗು ಒಬ್ಬರೇ ಕೌನ್ಸೆಲರ್ ಹತ್ತಿರ ಎಷ್ಟು ಕಾಲ ಬಂತು ಅಂತ ಕೇಳಿದ್ದರೆ ನಿಜ ತಿಳಿಯುತ್ತಿತ್ತು.

ಈ ಅನುದಾನದಲ್ಲಿ ನೋಡಬಹುದಾದ ಮಕ್ಕಳ ವಯಸ್ಸಿನ ಗಡಿ 18ಕ್ಕೆ ನಿಂತಿರುವುದೂ ನನಗೆ ಒಪ್ಪಿಗೆಯಿಲ್ಲ. 2006ರಲ್ಲಿ ಶುರುವಾದ, ಯುವಜನರ ಮಾನಸಿಕ ಆರೋಗ್ಯ ನೋಡಿಕೊಳ್ಳುವ ಆಸ್ಟ್ರೇಲಿಯಾದ ಹೆಡ್‌ಸ್ಪೇಸ್ ಸಂಸ್ಥೆ 12ರಿಂದ 25 ವರ್ಷದವರನ್ನು ನೋಡುತ್ತದೆ. ಅದೇ ಸರಿ. ಹುಟ್ಟುಹಬ್ಬದ ಮಾರನೇ ದಿನ ಯಾರ ಕಷ್ಟವೂ ಮುಗಿಯುವುದಿಲ್ಲ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ. ಸರ್ಕಾರಗಳು ಆರೋಗ್ಯಕ್ಕೆ ಇಡುವ ಹಣದಲ್ಲಿ ಮಾನಸಿಕ ಆರೋಗ್ಯಕ್ಕೆ ಹೋಗುವುದು ಸಾಮಾನ್ಯವಾಗಿ ಶೇ. 2ರಷ್ಟು. ಹಾಗಾಗಿ ಇಂಥ ಅನುದಾನ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಅರ್ಜಿ ಹಾಕಿ. ನಮ್ಮ ಕಡತ ನೋಡುತ್ತಿದ್ದ ಅಧಿಕಾರಿ ಫೋನ್ ಎತ್ತುತ್ತಿದ್ದರು, ತಾಳ್ಮೆಯಿಂದ ಕೇಳುತ್ತಿದ್ದರು. ಅದಕ್ಕೂ ಅರ್ಧ ಅಂಕ ಸೇರಿಸಿದ್ದೇನೆ.

ಆದರೆ ಸಹಿ ಹಾಕುವ ಮೊದಲು ಸೂಪರ್‌ವಿಷನ್ ಖರ್ಚನ್ನು ಹೆಸರು ಹಿಡಿದು ಬರೆಸಿಕೊಳ್ಳಿ. ಒಬ್ಬರು ರಜೆ ಹಾಕಿದಾಗ ಅವರ ಹತ್ತಿರ ಕೌನ್ಸೆಲಿಂಗ್‌ಗೆ ಬರುವ ಮಕ್ಕಳನ್ನು ನೋಡಲು ಬದಲಿಗೆ ಯಾರು ಬರುತ್ತಾರೆ, ಅವರ ಸಂಬಳ ಎಲ್ಲಿಂದ ಅಂತ ಕೇಳಿ. ನವೀಕರಣದ ಮಾತು ಇನ್ನೂ ಮುಖ್ಯ. ನಮಗೆ ನವೀಕರಣದ ಪತ್ರ ಅವಧಿ ಮುಗಿಯುವ ಹೊತ್ತಿಗೆ ಬಂತು. ಅಷ್ಟರಲ್ಲಿ ತಂಡದ ಒಳ್ಳೊಳ್ಳೆಯವರು ಬೇರೆ ಕಡೆ ಇಂಟರ್ವ್ಯೂಗೆ ಹೋಗಿ ಬಂದಿದ್ದರು. ಕನಿಷ್ಠ ಆರು ತಿಂಗಳು ಮೊದಲೇ ತಿಳಿಸಬೇಕು ಅನ್ನೋ ಷರತ್ತನ್ನು ಒಪ್ಪಂದದಲ್ಲೇ ಸೇರಿಸಿ.