ವೃದ್ಧಾಶ್ರಮದಲ್ಲಿ ಹಿಂಸೆಯ ಅನುಮಾನವೇ? 112, 14567, ಇಲ್ಲಾ ಜಿಲ್ಲಾ ಕಚೇರಿ

ದಾವಣಗೆರೆಯ ಒಂದು ವೃದ್ಧಾಶ್ರಮದಲ್ಲಿದ್ದ ನಮ್ಮ ದೊಡ್ಡಮ್ಮನ ತೋಳಿನ ಮೇಲೆ ಕಂದಿದ ಗುರುತು ಕಂಡಿತ್ತು. ಕೇಳಿದರೆ ಬಾಗಿಲ ಕಡೆ ನೋಡಿ ಸುಮ್ನಾದರು. ಯಾರಿಗೆ ಹೇಳುವುದು ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಡೆತ, ಕೂಡಿಹಾಕುವುದು, ಜೀವಭಯ ಇದ್ದರೆ ಯೋಚನೆಯೇ ಬೇಡ, 112. ಯಾವ ಹೊತ್ತಿಗೂ ಸಿಗುತ್ತದೆ, ಪೊಲೀಸರು ಅಲ್ಲಿಗೇ ಬರುತ್ತಾರೆ. ಠಾಣೆಗೆ ಹೋದಾಗ "ನಮ್ಮ ಸರಹದ್ದಲ್ಲ" ಎಂದರೆ ವಾಪಸ್ ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಝೀರೋ ಎಫ್‌ಐಆರ್‌ಗೆ, ಅಂದರೆ ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಲು, ಅವಕಾಶವಿದೆ. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ.

14567 ಹಿರಿಯರ ಸಹಾಯವಾಣಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಕರೆ ಉಚಿತ. ಗಾಯ ಕಾಣುತ್ತಿಲ್ಲ, ಆದರೆ ಹಿರಿಯರು ಹೆದರಿದ್ದಾರೆ ಎಂದಾದರೆ ಮೊದಲು ಇದು ಒಳ್ಳೆಯದು. ದಾರಿ ಹೇಳುತ್ತಾರೆ. ರಾತ್ರಿ ಹತ್ತಕ್ಕೆ ಇದನ್ನು ನಂಬಿ ಕೂರುವಂತಿಲ್ಲ, ಅಲ್ವಾ?

ಹೊಟ್ಟೆಗೆ ಸರಿಯಾಗಿ ಕೊಡುತ್ತಿಲ್ಲ, ಹಾಸಿಗೆ ಬದಲಿಸುತ್ತಿಲ್ಲ ಎಂಬಂಥ ದೂರನ್ನು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಬರೆದು ಕೊಡಿ. ನಿಧಾನ ಆಗಬಹುದು. ಸ್ವೀಕೃತಿ ತಗೊಳ್ಳದೆ ಬರಬೇಡಿ.

ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯೂ ಇದೆ, ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಿರುವ 2007ರ ಕಾಯ್ದೆಯದು. ಅದು ಹೆಚ್ಚಾಗಿ ಮಕ್ಕಳಿಂದ ಜೀವನಾಂಶ ಕೊಡಿಸಲು. ಹೊಡೆತದ ದೂರಿಗೆ ಅಲ್ಲಿ ಕಾಯಬೇಡಿ.

ಎಲ್ಲಿಗೆ ಹೋದರೂ ಗಾಯದ ಗುರುತಿನ ಫೋಟೋ ಇಟ್ಟುಕೊಳ್ಳಿ; ತಾರೀಕು, ಹಿರಿಯರು ಹೇಳಿದ ಮಾತು ಹಾಗೇ ಬರೆದಿಟ್ಟುಕೊಳ್ಳಿ. ಆಶ್ರಮದವರಿಗೆ ಮೊದಲೇ ಸುಳಿವು ಕೊಡಬೇಡಿ. ಆ ರಾತ್ರಿ ಅವರ ಜೊತೆ ಒಳಗಿರುವುದು ನಿಮ್ಮ ಹಿರಿಯರು.