ಸಾಲಗಾಮೆ ರಸ್ತೆಯ ಲೆಟರ್ ಕ್ಲಾಸ್: ಆಫೀಸಿನವರು ಸೇರಬಹುದು, ಉಳಿದವರು ಯೋಚಿಸಿ

ಹಾಸನದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರವಿಲ್ಲ. ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಒಂದೇ ತಿಂಗಳಲ್ಲಿ ಪಟಪಟ ಮಾತಾಡಿಸುತ್ತೇವೆ ಅನ್ನುವ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಇಂಗ್ಲಿಷ್ ಓದುವುದನ್ನು ಹೇಳಿಕೊಡುವವರು ಮಾತ್ರ ಸಿಗುವುದಿಲ್ಲ. ನನಗೆ ಬೇಕಾಗಿದ್ದು ಅದೇ. ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಒಂದರ ಆಫೀಸಿನಲ್ಲಿ ಡಿಸ್‌ಪ್ಯಾಚ್ ನೋಡಿಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ಮಾತಾಡುವ ಪ್ರಸಂಗ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಮೇಲ್ ಮಾತ್ರ ಬೆಳಗ್ಗೆಯಿಂದ ಸಂಜೆವರೆಗೆ ಬರುತ್ತಲೇ ಇರುತ್ತದೆ. ಖರೀದಿದಾರರದ್ದು, ಶಿಪ್ಪಿಂಗ್ ಲೈನ್‌ನದ್ದು, ಮಂಗಳೂರಿನ ಏಜೆಂಟರದ್ದು, ಬ್ಯಾಂಕಿನದ್ದು. ಅರಕಲಗೂಡು ಕಡೆಯ ಕನ್ನಡ ಮೀಡಿಯಂ ಸ್ಕೂಲಿನಲ್ಲಿ ಓದಿ, ಆಮೇಲೆ ಬಿಕಾಂ ಮಾಡಿದವಳು ನಾನು. ಪದಗಳು ಗೊತ್ತು. ಉದ್ದದ ಮೇಲ್ ಬಂದರೆ ತಲೆ ಬುಡ ಹಿಡಿಯಲು ಒದ್ದಾಟ.

ನಮ್ಮ ಆಫೀಸಿಗೆ ಪಾರ್ಸೆಲ್ ತರುವ ಕೊರಿಯರ್ ಆಫೀಸಿನ ಹುಡುಗಿಯೊಬ್ಬಳು ಈ ಕ್ಲಾಸಿನ ವಿಷಯ ಹೇಳಿದಳು. ಇದಕ್ಕೆ ಬೋರ್ಡ್ ಇಲ್ಲ, ಹೆಸರೂ ಇಲ್ಲ. ಬರುವವರೆಲ್ಲ ಲೆಟರ್ ಕ್ಲಾಸ್ ಅನ್ನುತ್ತಾರೆ. ಸಾಲಗಾಮೆ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ರೂಮು. ಬ್ಯಾಂಕಿನಲ್ಲಿ ಎಕ್ಸ್‌ಪೋರ್ಟ್ ವಿಭಾಗ ನೋಡಿಕೊಂಡು ರಿಟೈರ್ ಆದ ಸರ್ ಒಬ್ಬರು ನಡೆಸುತ್ತಾರೆ. ವಾರಕ್ಕೆ ಮೂರು ಸಂಜೆ, ಆರೂವರೆಯಿಂದ ಏಳೂ ಮುಕ್ಕಾಲು. ತಿಂಗಳಿಗೆ 1,200 ರೂಪಾಯಿ. ಆಲೂರು ಕಡೆಗೆ ಬಸ್ ಹಿಡಿಯುವವರು ಹತ್ತು ನಿಮಿಷ ಮುಂಚೆ ಎದ್ದು ಹೋಗಬಹುದು, ಸರ್ ಏನೂ ಅನ್ನುವುದಿಲ್ಲ. "ಈ ವಯಸ್ಸಲ್ಲಿ ಟ್ಯೂಷನ್ನಾ?" ಅಂತ ನಮ್ಮತ್ತೆ ನಕ್ಕರು. ಬ್ಯಾಚಿನಲ್ಲಿ ನನಗಿಂತ ದೊಡ್ಡವರೂ ಇದ್ದಾರೆ ಅಂದ ಮೇಲೆ ಸುಮ್ಮನಾದರು.

ಪಾಠದ ಸಾಮಗ್ರಿ ಬಹುಪಾಲು ಟೋಯಿಕ್ ಪರೀಕ್ಷೆಯ ಮಾದರಿಯದ್ದು. ಹೆಸರು ಕೇಳದವರಿಗೆ ಎರಡು ಮಾತು: ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಆಫೀಸ್ ಕೆಲಸಕ್ಕೆ ಬೇಕಾಗುವಷ್ಟು ಇಂಗ್ಲಿಷ್ ಬಲ್ಲರೇ ಅಂತ ಅಳೆಯುವ ಪರೀಕ್ಷೆ ಇದು. ಅಮೆರಿಕದ ಇ.ಟಿ.ಎಸ್. ಸಂಸ್ಥೆಯದ್ದು. 1979ರಲ್ಲಿ ಮೊದಲು ನಡೆದದ್ದು ಜಪಾನಿನಲ್ಲಿ. ಓದುವ ಭಾಗದಲ್ಲಿ 75 ನಿಮಿಷಕ್ಕೆ 100 ಪ್ರಶ್ನೆ. ಅದರಲ್ಲಿ 54 ಪ್ರಶ್ನೆಗಳು ಪತ್ರ, ಮೇಲ್, ನೋಟಿಸು, ಜಾಹೀರಾತು, ಚಾಟ್ ಮೆಸೇಜುಗಳನ್ನು ಓದಿ ಉತ್ತರಿಸುವಂಥವು. ಕೆಲವಕ್ಕೆ ಎರಡು ಮೂರು ಕಾಗದ ಒಟ್ಟಿಗೆ ಕೊಟ್ಟಿರುತ್ತಾರೆ. ನಮ್ಮ ಸರ್ ಮೆಚ್ಚಿಕೊಂಡಿರುವುದು ಆ 54ನ್ನೇ. ಉಳಿದದ್ದನ್ನು ಮುಟ್ಟುವುದೇ ಇಲ್ಲ.

ಹೇಳಿಕೊಡುವ ಕ್ರಮ ನನಗೆ ಹಿಡಿಸಿತು. ಹಾಳೆ ಕೊಟ್ಟ ಕೂಡಲೇ ಓದಲು ಬಿಡುವುದಿಲ್ಲ. ಮೇಲಿನ ನಾಲ್ಕು ಸಾಲು ಬಿಟ್ಟು ಉಳಿದದ್ದನ್ನು ನೋಟ್‌ಬುಕ್ಕಿನಿಂದ ಮುಚ್ಚಬೇಕು. ಯಾರು ಬರೆದದ್ದು, ಯಾರಿಗೆ, ಯಾವ ತಾರೀಖು, ಯಾವ ವಿಷಯ. ಅಷ್ಟನ್ನೇ ನೋಡಿ ಈ ಕಾಗದ ಏನು ಕೇಳಬಹುದು ಅಂತ ಊಹಿಸಬೇಕು. ಆಮೇಲೆ ಕೆಳಗಿನ ಪ್ರಶ್ನೆಗಳು. ಪತ್ರದ ಒಡಲು ಓದುವುದು ಕೊನೆಗೆ. ಮೊದಲ ಸಲ ಓದುವಾಗ ಫೋನ್ ಮುಟ್ಟುವ ಹಾಗಿಲ್ಲ, ಡಿಕ್ಷನರಿಯೂ ಇಲ್ಲ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿ ಮುಂದೆ ಹೋಗಬೇಕು. ಎಲ್ಲ ಮುಗಿದ ಮೇಲೆ ನೋಡಿದರೆ ಗೀಟು ಹಾಕಿದ ಅರ್ಧಕ್ಕರ್ಧ ಪದಗಳು ಉತ್ತರಕ್ಕೆ ಬೇಕೇ ಆಗಿರುವುದಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆ ಪದ ಗೊತ್ತಿಲ್ಲ ಅನ್ನುವ ಭಯ ನನಗೆ ಬಹಳ ಕಡಿಮೆಯಾಯಿತು.

ಒಂದು ಹಾಳೆಯ ಕಥೆ ಪೂರ್ತಿ ಹೇಳುತ್ತೇನೆ, ಕ್ಲಾಸ್ ಹೇಗಿರುತ್ತದೆ ಅಂತ ಗೊತ್ತಾಗಲಿ. ಮೂರು ಕಾಗದ ಇದ್ದವು. ಮೊದಲನೆಯದು ಒಂದು ಕಂಪನಿಯ ಹೆಂಗಸು ಹೋಟೆಲಿಗೆ ಬರೆದ ಮೇಲ್, ಮೇ 2ನೇ ತಾರೀಖಿನದು. ಮೇ 20ಕ್ಕೆ ನಲವತ್ತು ಜನಕ್ಕೆ ಹಾಲ್ ಬೇಕು, ಬುಕ್ ಮಾಡಿ ಅಂತ. ಎರಡನೆಯದು ಹೋಟೆಲಿನ ರೇಟ್ ಪಟ್ಟಿ. ಐವತ್ತು ಜನರವರೆಗಿನ ಹಾಲಿಗೆ 400 ಡಾಲರ್, ನೂರು ಜನರದ್ದಕ್ಕೆ 600. ಹದಿನಾಲ್ಕು ದಿನ ಮುಂಚೆ ಬುಕ್ ಮಾಡಿದರೆ ಶೇ. 10 ರಿಯಾಯಿತಿ. ಮೂರನೆಯದು ಅದೇ ಹೆಂಗಸಿನ ಇನ್ನೊಂದು ಮೇಲ್, ಮೇ 9ರದ್ದು. ಜನ ಐವತ್ತೈದು ಆಗಿದ್ದಾರೆ, ದೊಡ್ಡ ಹಾಲನ್ನೇ ಕೊಡಿ ಅಂತ. ಪ್ರಶ್ನೆ: ಆಕೆ ಎಷ್ಟು ಕಟ್ಟಬೇಕು? ಉತ್ತರಕ್ಕೆ ಕೊಟ್ಟದ್ದು 360, 400, 540, 600.

ರೂಮಿನಲ್ಲಿ ಎದ್ದ ಕೈಗಳಲ್ಲಿ ಹೆಚ್ಚಿನವು 540ಕ್ಕೆ. ದೊಡ್ಡ ಹಾಲ್ 600, ಮುಂಚೆಯೇ ಬುಕ್ ಮಾಡಿದ್ದಾಳೆ, ಶೇ. 10 ಕಳೆ. ಲೆಕ್ಕ ಸರಿಯಾಗೇ ಇದೆಯಲ್ವಾ? ಸರ್ ಏನೂ ಹೇಳದೆ ರೇಟ್ ಪಟ್ಟಿಯ ಕೊನೆಯ ಸಾಲಿನ ಕೆಳಗೆ ಸ್ಕೇಲ್ ಇಡಿ ಅಂದರು. ಸಣ್ಣ ಅಕ್ಷರದಲ್ಲಿತ್ತು: ಹಾಲ್ ಬದಲಾಯಿಸಿದರೆ ಅದನ್ನು ಹೊಸ ಬುಕಿಂಗ್ ಅಂತಲೇ ಪರಿಗಣಿಸುತ್ತೇವೆ. ಮೇ 9ರಿಂದ 20ಕ್ಕೆ ಹನ್ನೊಂದೇ ದಿನ. ರಿಯಾಯಿತಿ ಹೋಯಿತು. 600 ಪೂರ್ತಿ. ಸರಿ ಹೇಳಿದವಳು ಆ ಕೊರಿಯರ್ ಆಫೀಸಿನ ಹುಡುಗಿ ಒಬ್ಬಳೇ. ದಿನಾ ರಸೀದಿಯ ಹಿಂಬದಿ ಓದಿ ಗಿರಾಕಿಗಳ ಜತೆ ಜಗಳ ಆಡುವವಳು ತಾನೇ!

ತಪ್ಪು ಉತ್ತರಗಳನ್ನು ಹೇಗೆ ಹೆಣೆದಿರುತ್ತಾರೆ ಅನ್ನುವುದನ್ನೂ ಸರ್ ಬಿಡಿಸಿ ತೋರಿಸುತ್ತಾರೆ. 360 ಮೊದಲ ಮೇಲ್, ಪಟ್ಟಿ ಎರಡನ್ನೇ ಓದಿ ನಿಲ್ಲಿಸಿದವರಿಗೆ. 400 ಯಾವುದನ್ನೂ ಜೋಡಿಸದೆ ಪಟ್ಟಿ ನೋಡಿದವರಿಗೆ. 540 ಎಲ್ಲ ಓದಿಯೂ ಷರತ್ತು ಬಿಟ್ಟವರಿಗೆ. ಪತ್ರದಲ್ಲಿರುವ ಪದವೇ ಉತ್ತರದಲ್ಲೂ ಹಾಗೇ ಕಂಡರೆ ಸ್ವಲ್ಪ ಅನುಮಾನ ಪಡಿ, ಸರಿಯಾದ ಉತ್ತರ ಸಾಮಾನ್ಯವಾಗಿ ಬೇರೆ ಮಾತಿನಲ್ಲಿ ಇರುತ್ತದೆ ಅನ್ನುತ್ತಾರೆ. ಇದು ಪರೀಕ್ಷೆಗಷ್ಟೇ ಆಗುವ ಉಪಾಯ. ಆಫೀಸಿಗೆ ಇದರಿಂದ ಏನೂ ಆಗಬೇಕಾಗಿಲ್ಲ. ಷರತ್ತು ಹುಡುಕುವ ಅಭ್ಯಾಸ ಮಾತ್ರ ಮಾರನೇ ದಿನದಿಂದಲೇ ಉಪಯೋಗಕ್ಕೆ ಬರುತ್ತದೆ.

ಸರ್ ಹಳೇ ನೌಕರಿಯ ನೆನಪಿನಿಂದ ತಾವೇ ತಯಾರಿಸಿದ ಕೆಲವು ಹಾಳೆಗಳಿವೆ. ನನ್ನ ಪ್ರಕಾರ ಈ ಕ್ಲಾಸಿನ ನಿಜವಾದ ಮಾಲು ಅವು. ಒಂದರಲ್ಲಿ ಲೆಟರ್ ಆಫ್ ಕ್ರೆಡಿಟ್‌ನ (ಎಲ್‌ಸಿ, ಅಂದರೆ ಸರಿಯಾದ ದಾಖಲೆ ಕೊಟ್ಟರೆ ಹಣ ಕೊಡುತ್ತೇವೆ ಅಂತ ಖರೀದಿದಾರನ ಬ್ಯಾಂಕ್ ಬರೆದುಕೊಡುವ ಪತ್ರ) ಸಾರಾಂಶ ಒಂದು ಕಡೆ, ಹಡಗಿನ ಏಜೆಂಟ್ ಬರೆದ ಮೇಲ್ ಇನ್ನೊಂದು ಕಡೆ. ಎಲ್‌ಸಿ ಜೂನ್ 30ಕ್ಕೆ ಮುಗಿಯುತ್ತದೆ. ಸರಕು ಹಡಗಿಗೆ ಏರಿದ್ದು ಜೂನ್ 14ಕ್ಕೆ. ಎಲ್‌ಸಿಯಲ್ಲಿ ಬೇರೆ ಗಡುವು ಬರೆದಿಲ್ಲದಿದ್ದರೆ, ಹಡಗಿಗೆ ಏರಿದ ದಿನದಿಂದ 21 ದಿನದೊಳಗೆ ದಾಖಲೆಗಳನ್ನು ಬ್ಯಾಂಕಿಗೆ ಕೊಡಬೇಕು ಅನ್ನುವುದು ಯು.ಸಿ.ಪಿ. 600ರ ನಿಯಮ. 2007ರ ಜುಲೈನಿಂದ ಪ್ರಪಂಚದ ಬ್ಯಾಂಕುಗಳು ಎಲ್‌ಸಿಗೆ ಇದನ್ನೇ ಅನುಸರಿಸುತ್ತಿವೆ. 14ಕ್ಕೆ 21 ಸೇರಿಸಿದರೆ ಜುಲೈ 5. ಅಬ್ಬ, ಟೈಮ್ ಇದೆ ಅನ್ನಿಸುತ್ತದೆ. ಆದರೆ ಅದೇ ನಿಯಮದ ಬಾಲದಲ್ಲಿ, ಏನೇ ಆದರೂ ಎಲ್‌ಸಿ ಅವಧಿ ಮೀರಬಾರದು ಅಂತಲೂ ಇದೆ. ಹಾಗಾಗಿ ಜೂನ್ 30. ಐದು ದಿನದ ವ್ಯತ್ಯಾಸ. ಒಂದು ಇಪ್ಪತ್ತಡಿ ಕಂಟೇನರಿನಲ್ಲಿ 60 ಕೆಜಿಯ 320 ಚೀಲ ಕಾಫಿ ಇರುತ್ತದೆ. ಈಗಿನ ರೇಟಿನಲ್ಲಿ ಅದರ ಹಣ ಬ್ಯಾಂಕಿನಲ್ಲಿ ಸಿಕ್ಕಿಕೊಂಡರೆ ಯಜಮಾನರ ಮುಖ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಹಾಳೆ ಬಂದ ದಿನ ಸಕಲೇಶಪುರ ಕಡೆಯ ತೋಟದ ಮನೆ ಹುಡುಗರೆಲ್ಲ ನೆಟ್ಟಗೆ ಕೂತರು. ಯುರೋಪಿನ ಖರೀದಿದಾರ ಬರೆಯುವಂಥ ಪತ್ರ ಅದು. ಯುರೋಪಿಯನ್ ಯೂನಿಯನ್ 2023ರಲ್ಲಿ ಅರಣ್ಯನಾಶದ ವಿರುದ್ಧ ಒಂದು ಕಾನೂನು ತಂದಿದೆಯಲ್ಲ, ಅದರ ಪ್ರಕಾರ ಕಾಫಿ ಯಾವ ಜಮೀನಿನದು ಅಂತ ತೋರಿಸಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಬೆಳೆಯಾಗಿರಬಾರದು. ಜಾರಿಯ ದಿನ ಮುಂದಕ್ಕೆ ಹೋಗುತ್ತಾ ಬಂದಿದೆ. ಪತ್ರಗಳು ಬರುವುದೇನೂ ನಿಂತಿಲ್ಲ. 4 ಹೆಕ್ಟೇರಿಗಿಂತ ದೊಡ್ಡ ತುಂಡಾದರೆ ಸುತ್ತಲಿನ ಗಡಿಯ ಜಿಪಿಎಸ್ ಗುರುತುಗಳು ಬೇಕು, ಅದಕ್ಕಿಂತ ಚಿಕ್ಕದಾದರೆ ಒಂದೇ ಬಿಂದು ಸಾಕು. ಪತ್ರದ ಜತೆ ಮೂರು ತೋಟಗಳ ಪಟ್ಟಿ ಕೊಟ್ಟು, ಯಾರು ಯಾವ ಮಾಹಿತಿ ಕಳಿಸಬೇಕು ಅಂತ ಕೇಳಿದ್ದರು. ಪಟ್ಟಿ ಇದ್ದದ್ದು ಎಕರೆಯಲ್ಲಿ! 4 ಹೆಕ್ಟೇರ್ ಅಂದರೆ ಹತ್ತು ಎಕರೆಗೆ ಚೂರು ಕಡಿಮೆ. ಸರಿಯಾಗಿ ಹತ್ತು ಎಕರೆ ಇದ್ದ ತೋಟ ಯಾವ ಕಡೆಗೆ ಬರುತ್ತದೆ ಅನ್ನುವುದರ ಮೇಲೆ ಕಾಲು ಗಂಟೆ ವಾದ ನಡೆಯಿತು. ಅವತ್ತು ಬಸ್ಸಿನವರೂ ಬೇಗ ಏಳಲಿಲ್ಲ.

ನನಗೆ ಏನು ಲಾಭವಾಯಿತು ಅಂದರೆ, ಶಿಪ್ಪಿಂಗ್ ಲೈನಿನ ಮೇಲ್‌ಗಳು. ನಮ್ಮ ಲಾರಿಗಳು ಶಿರಾಡಿ ಘಾಟ್ ಇಳಿದು ಪಣಂಬೂರಿನ ಬಂದರಿಗೆ ಹೋಗಬೇಕು. ಮಳೆಗಾಲದಲ್ಲಿ ಘಾಟ್ ಯಾವಾಗ ಕುಸಿಯುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಹಡಗು ಎರಡು ದಿನ ತಡ ಅನ್ನುವ ಮೇಲ್ ಬಂದರೆ ಆಫೀಸಿಗೆ ಆಫೀಸೇ ಉಸಿರು ಬಿಡುತ್ತದೆ. ಈಚೆಗೆ ಅಂಥದ್ದೊಂದು ಬಂತು. ವಿಷಯದ ಸಾಲಿನಲ್ಲಿ ತಡದ ಸುದ್ದಿ. ಮೊದಲ ಪ್ಯಾರಾದಲ್ಲಿ ಹೊಸ ತಾರೀಖು, ಕಂಟೇನರನ್ನು ಬಂದರಿನ ಒಳಗೆ ಬಿಡುವ ಗಡುವೂ ಎರಡು ದಿನ ಮುಂದಕ್ಕೆ. ಮೂರನೇ ಪ್ಯಾರಾದಲ್ಲಿ ಒಂದೇ ಸಾಲು: ದಾಖಲೆ ಕೊಡುವ ಗಡುವು ಮೊದಲಿನದ್ದೇ. ಅಂದರೆ ಕಂಟೇನರಿನ ತೂಕದ ಪ್ರಮಾಣಪತ್ರ, ಅದೇ ವಿಜಿಎಂ, ಹಳೇ ತಾರೀಖಿಗೇ ಹೋಗಬೇಕು. 2016ರ ಜುಲೈನಿಂದ ಅದಿಲ್ಲದೆ ಕಂಟೇನರನ್ನು ಹಡಗಿಗೆ ಏರಿಸುವ ಹಾಗಿಲ್ಲ. ನಾನು ಅವತ್ತು ಸಂಜೆಯೇ ತೂಕ ಮಾಡಿಸಿ ಕಳಿಸಿದೆ. ಅದರ ಹಿಂದಿನ ಮೇಲ್ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದನ್ನು ಇಲ್ಲೇ ಕಲಿತದ್ದು.

ಫೋನಿಗೆ ಹಾಕಿದರೆ ಕನ್ನಡ ಮಾಡಿಕೊಡುತ್ತಲ್ಲ, ದುಡ್ಡು ಯಾಕೆ ದಂಡ ಅಂತ ನಮ್ಮನೆಯವರು ಕೇಳಿದರು. ಕೊಡುತ್ತೆ, ಚೆನ್ನಾಗೇ ಕೊಡುತ್ತೆ. ಆದರೆ ಹೋದ ವಾರದ ಮೇಲ್ ಜತೆ ಇದನ್ನು ಸೇರಿಸಿ ನೋಡಬೇಕು ಅಂತ ಹೊಳೆಯಬೇಕಾದದ್ದು ನನಗೆ ತಾನೇ? ಅಲ್ಲದೆ ಖರೀದಿದಾರರ ಮೇಲ್ ಎಲ್ಲೂ ಪೇಸ್ಟ್ ಮಾಡಬಾರದು ಅಂತ ಆಫೀಸಿನಲ್ಲಿ ಕಟ್ಟುನಿಟ್ಟು.

ಇನ್ನು ದೂರು. ಕಡಿಮೆಯೇನಿಲ್ಲ.

ಕೆಳಗೇ ಜೆರಾಕ್ಸ್ ಅಂಗಡಿ ಇದ್ದರೂ ಹಾಳೆಗಳು ಕಾಪಿಯ ಕಾಪಿ. ಸಣ್ಣ ಅಕ್ಷರದ ಷರತ್ತು ಹುಡುಕಿ ಅಂತ ಹೇಳುವ ಕ್ಲಾಸಿನಲ್ಲಿ ಸಣ್ಣ ಅಕ್ಷರವೇ ಕಪ್ಪು ಕಲೆಯಾಗಿದ್ದರೆ ಹೇಗೆ? ರೇಟ್ ಪಟ್ಟಿಯಲ್ಲಿ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಎರಡು ಸಲ ಹೇಳಿದೆ, ಆಯ್ತಮ್ಮ ಅಂದರು, ಅಷ್ಟೇ.

ಟೋಯಿಕ್ ಮಾದರಿಯ ಹಾಳೆಗಳಲ್ಲಿನ ಲೋಕ ನಮ್ಮದಲ್ಲ. ಯಾವಾಗ ನೋಡಿದರೂ ಆಫೀಸಿನ ಪ್ರಿಂಟರ್ ಕೆಟ್ಟಿರುತ್ತದೆ, ಯಾರಿಗೋ ಬೀಳ್ಕೊಡುಗೆ ಊಟ ಇರುತ್ತದೆ, ಪಾರ್ಕಿಂಗ್ ಜಾಗಕ್ಕೆ ಟಾರ್ ಹಾಕುತ್ತಿರುತ್ತಾರೆ. ಎಲ್ಲರೂ ಅತಿ ವಿನಯದಿಂದ ಚಿಕ್ಕ ಚಿಕ್ಕ ವಾಕ್ಯ ಬರೆಯುತ್ತಾರೆ. ನಮಗೆ ಬರುವ ಮೇಲ್ ಹಾಗಿರುತ್ತಾ? ಜಿಎಸ್‌ಟಿ ನೋಟಿಸಿನ ಇಂಗ್ಲಿಷ್, ಬ್ಯಾಂಕಿನ ಸುತ್ತೋಲೆಯ ಇಂಗ್ಲಿಷ್, ಅರ್ಧ ಪುಟಕ್ಕೊಂದು ಫುಲ್‌ಸ್ಟಾಪ್ ಇಡುವ ನಮ್ಮ ದೇಶದ ಆಫೀಸಿನ ಇಂಗ್ಲಿಷ್, ಇವು ಒಂದೂ ಇಲ್ಲಿ ಇಲ್ಲ. ಸರ್ ತಾವೇ ಮಾಡಿದ ಹಾಳೆಗಳು ಇನ್ನೂ ಜಾಸ್ತಿ ಇದ್ದಿದ್ದರೆ ಈ ದೂರು ಬರೆಯುತ್ತಿರಲಿಲ್ಲ.

ಬರೆಯುವುದನ್ನು ಹೇಳಿಕೊಡುವುದಿಲ್ಲ. ಉತ್ತರದ ಮೇಲ್ ಹೇಗೆ ಬರೆಯಬೇಕು ಅಂದರೆ, ಅದು ಬೇರೆ ವಿದ್ಯೆ ಅನ್ನುತ್ತಾರೆ. ಮೊದಲ ದಿನವೇ ಹೇಳಿಬಿಡುತ್ತಾರೆ, ಹಾಗಾಗಿ ಮೋಸ ಅನ್ನಲಾರೆ. ಆದರೂ ಬೇಜಾರು.

ಸ್ಟಾಪ್‌ವಾಚ್ ವಿಷಯದಲ್ಲಿ ಸರ್ ಜತೆ ನನಗೆ ಒಪ್ಪಿಗೆ ಇಲ್ಲ. ಪ್ರಶ್ನೆಗೆ ಒಂದು ನಿಮಿಷ ಅಂತ ಓಡಿಸುತ್ತಾರೆ. ಪರೀಕ್ಷೆ ಬರೆಯುವ ಇಂಜಿನಿಯರಿಂಗ್ ಹುಡುಗರಿಗೆ ಅದು ಸರಿ. ಎಲ್‌ಸಿಯನ್ನು ನಿಮಿಷದಲ್ಲಿ ಓದಿ ಮುಗಿಸು ಅಂತ ಯಾವ ಆಫೀಸೂ ಹೇಳುವುದಿಲ್ಲ. ಎರಡು ಬ್ಯಾಚ್ ಮಾಡಿ ಅಂದರೆ ರೂಮು ಒಂದೇ ಅನ್ನುತ್ತಾರೆ.

ಯಾರು ಸೇರಬಹುದು? ಗಾರ್ಮೆಂಟ್ಸ್, ಕ್ಯೂರಿಂಗ್, ಟ್ರಾನ್ಸ್‌ಪೋರ್ಟ್, ಬ್ಯಾಂಕ್ ಕೆಲಸದವರು, ವಿದೇಶಿ ಗೆಸ್ಟುಗಳ ಬುಕಿಂಗ್ ನೋಡುವ ಹೋಂಸ್ಟೇಯವರು ಕಣ್ಣು ಮುಚ್ಚಿ ಸೇರಬಹುದು. ವಿದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆ ಐ.ಇ.ಎಲ್.ಟಿ.ಎಸ್. ಜನರಲ್ ಟ್ರೈನಿಂಗ್ ಬರೆಯುವವರಿಗೂ ಸ್ವಲ್ಪ ಉಪಯೋಗ, ಅದರ ಓದಿನ ಎರಡನೇ ಭಾಗದಲ್ಲಿ ಕೆಲಸದ ಜಾಗಕ್ಕೆ ಸಂಬಂಧಿಸಿದ ಬರಹಗಳೇ ಬರುತ್ತವೆ. ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಮಾತಾಡಬೇಕು ಅನ್ನುವ ಮಕ್ಕಳನ್ನು ಇಲ್ಲಿಗೆ ಕಳಿಸಬೇಡಿ. ಒಂದು ತಿಂಗಳಲ್ಲಿ ಬಾಯಿ ಬಿಡಿಸುವ ಸಂದರ್ಭವೇ ಬರುವುದಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹಾಳೆಗಳನ್ನು ಹೊಸದಾಗಿ ಟೈಪ್ ಮಾಡಿಸಿದರೆ ನಾಲ್ಕು. ಫೀಸನ್ನು ನಗದಾಗಿಯೇ ತನ್ನಿ, ಸರ್ ಯುಪಿಐ ಇಟ್ಟುಕೊಂಡಿಲ್ಲ.