ಬ್ಯಾಡಗಿ ಮೆಣಸಿನಕಾಯಿ ರಫ್ತಿಗೆ ಹಬೆಯೋ, ಎಥಿಲೀನ್ ಆಕ್ಸೈಡೋ?

ಮೆಣಸಿನಕಾಯಿಯಲ್ಲಿನ ಸೂಕ್ಷ್ಮಾಣು ಕೊಲ್ಲಲು ಹಬೆ ಕೊಡಬಹುದು, ಇಲ್ಲವೇ ಎಥಿಲೀನ್ ಆಕ್ಸೈಡ್ ಎಂಬ ಅನಿಲ ಹಾಯಿಸಬಹುದು. ಬ್ಯಾಡಗಿಯಲ್ಲಿ ಪುಡಿ ಘಟಕ ಇಟ್ಟವರು ಮೊದಲು ಸರಕು ಯಾವ ದೇಶಕ್ಕೆ ಹೋಗುತ್ತದೆ ಎಂದು ನಿಕ್ಕಿ ಮಾಡಿಕೊಳ್ಳಬೇಕು. ಯುರೋಪಿಗಾದರೆ ಅನಿಲದ ಮಾತೇ ಬೇಡ. ಅಲ್ಲಿ ಮಸಾಲೆಯಲ್ಲಿ ಉಳಿಯುವ ಅನಿಲದ ಅಂಶಕ್ಕೆ ಮಿತಿ ಕಿಲೋಗೆ 0.1 ಮಿಲಿಗ್ರಾಂ, ಅನಿಲದಿಂದ ಹುಟ್ಟುವ 2-ಕ್ಲೋರೋಎಥನಾಲ್ ಕೂಡ ಅದೇ ಲೆಕ್ಕಕ್ಕೆ. ಬೇರೆ ಲಾಟಿನ ಚೀಲದಿಂದ ತಗುಲಿದ ಅಂಶವೂ ಕಂಟೇನರ್ ವಾಪಸ್ ಕಳಿಸೀತು. ಅಮೆರಿಕದ ಮಿತಿ 7 ಪಿಪಿಎಂ, ಅಂದರೆ ಕಿಲೋಗೆ 7 ಮಿಲಿಗ್ರಾಂ. ಅಲ್ಲಿಗಷ್ಟೇ ಕಳಿಸುವವರಿಗೆ ಅನಿಲ ಸಲೀಸು, ಬಣ್ಣವೂ ಉಳಿಯುತ್ತದೆ. ಆದರೆ ಅದು ಬೆಂಕಿ ಹತ್ತುವ, ಕ್ಯಾನ್ಸರ್ ತರುವ ಅನಿಲ, ಮನೆಮಗ್ಗುಲ ಶೆಡ್ಡಿನ ಕೆಲಸವಲ್ಲ.

ಹಬೆಯನ್ನು ಇಡೀ ಕಾಯಿಗೇ ಕೊಡಿ. ಪುಡಿಗೆ ಕೊಟ್ಟರೆ ಗಂಟು ಕಟ್ಟುತ್ತದೆ. ಹಬೆ ಅತಿಯಾದರೆ ಕೆಂಪು ಮಂಕಾಗುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕಲ್ಲವೇ? ಕೂಡಲೇ ಒಣಗಿಸಿ ತೇವಾಂಶ ಶೇ. 10ರ ಆಸುಪಾಸಿಗೆ ಇಳಿಸದಿದ್ದರೆ ಬೂಸ್ಟು ಗ್ಯಾರಂಟಿ.

ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಎರಡೂ ಮದ್ದಲ್ಲ. ಅದನ್ನು ಒಣಗಿಸುವ ಕಣದಲ್ಲೇ ತಡೆಯಬೇಕು.